ರುಜು ಹಾಕುವವನಿಗೆ ‘ಇಲ್ಲ’ ಎನ್ನುವ ಹಕ್ಕು

‘ತಾಂತ್ರಿಕ ಕಾರಣಗಳಿಂದ ವಿಮಾನ ತಡವಾಗಿ ಹೊರಡಲಿದೆ’ ಎಂಬ ಪ್ರಕಟಣೆ ಕಿವಿಗೆ ಬಿದ್ದ ಕೂಡಲೇ ನಾವು ಮಾಡುವ ಮೊದಲ ಕೆಲಸ ಕೌಂಟರಿನಲ್ಲಿರುವ ಹುಡುಗಿಯ ಮೇಲೆ ರೇಗುವುದು. ದೆಹಲಿಯಿಂದ ಬೆಂಗಳೂರಿಗೋ ಮುಂಬಯಿಯಿಂದ ಮಂಗಳೂರಿಗೋ, ಹಬ್ಬಕ್ಕೆ, ಮದುವೆಗೆ, ಕೆಲವೊಮ್ಮೆ ಸಾವಿಗೆ ಹೊರಟ ಹೊರನಾಡ ಕನ್ನಡಿಗರಾದ ನಮಗೆ ‘ತಾಂತ್ರಿಕ ಕಾರಣ’ ಎಂಬುದು ಒಂದು ನೆಪವಾಗಿ ಮಾತ್ರ ಕೇಳಿಸುತ್ತದೆ. ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ನಮಗೆ ಹೊಳೆಯುವುದಿಲ್ಲ. ವಿಮಾನವನ್ನು ಪರೀಕ್ಷಿಸಿ, ‘ಇದು ಹಾರಲು ಯೋಗ್ಯ’ ಎಂದು ತನ್ನ ಲೈಸೆನ್ಸಿನ ಹೊಣೆಯ ಮೇಲೆ ರುಜು ಹಾಕಬೇಕಾದವನು ಅವನು. ಅವನು ರುಜು ಹಾಕಲೊಪ್ಪದ ದಿನ ನಮ್ಮ ವಿಮಾನ ತಡವಾಗುತ್ತದೆ. ಒಪ್ಪಬಾರದ ದಿನ ಒಪ್ಪಿದರೆ ಏನಾಗುತ್ತದೆಂಬುದನ್ನು ನಾವು ಯೋಚಿಸಲು ಇಷ್ಟಪಡುವುದಿಲ್ಲ.

ನಮ್ಮ ಮಾತು ಇಷ್ಟೇ: ವಿಮಾನಯಾನದ ಸುರಕ್ಷತೆ ನಿಂತಿರುವುದು ಆ ಮನುಷ್ಯ ಹೆದರದೆ ‘ಇಲ್ಲ’ ಎನ್ನಬಲ್ಲನೇ ಎಂಬುದರ ಮೇಲೆ. ನಿದ್ದೆಗೆಟ್ಟವನು, ಜತೆಗಾರರಿಲ್ಲದವನು, ಸಂಬಳಕ್ಕೆ ಅಂಜುವವನು, ಸಂಘವಿಲ್ಲದವನು ‘ಇಲ್ಲ’ ಎನ್ನಲಾರ. ಆದ್ದರಿಂದ ಮೆಕ್ಯಾನಿಕ್‌ಗಳ ಸಂಬಳ, ಪಾಳಿ, ಯೂನಿಯನ್ನುಗಳ ಪ್ರಶ್ನೆಯನ್ನು ‘ಆಡಳಿತ ಮತ್ತು ನೌಕರರ ನಡುವಿನ ಆಂತರಿಕ ವಿಷಯ’ ಎಂದು ತಳ್ಳಿಹಾಕುವವರೊಡನೆ ನಮ್ಮ ಜಗಳವಿದೆ.

1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಮುಂಗಾಜು ಹದಿನೇಳು ಸಾವಿರ ಅಡಿ ಎತ್ತರದಲ್ಲಿ ಕಿತ್ತು ಹಾರಿಹೋಯಿತು. ಕ್ಯಾಪ್ಟನ್ನನ ಅರ್ಧ ದೇಹ ಕಿಟಕಿಯಿಂದಾಚೆ ಎಳೆಯಲ್ಪಟ್ಟಿತು. ಸಿಬ್ಬಂದಿ ಅವನ ಕಾಲು ಹಿಡಿದುಕೊಂಡೇ ಉಳಿದರು, ಸಹಪೈಲಟ್ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದ. ಎಲ್ಲರೂ ಬದುಕಿದ್ದು ಪುಣ್ಯ. ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲು ಬದಲಾಯಿಸಲಾಗಿತ್ತು. ರಾತ್ರಿಪಾಳಿಯಲ್ಲಿ ಜನ ಸಾಲದೆ ಪಾಳಿಯ ಮೇಲ್ವಿಚಾರಕನೇ, ಬೆಳಗಿನ ಜಾವದಲ್ಲಿ, ಒಬ್ಬನೇ ಆ ಕೆಲಸ ಮಾಡಿದ್ದ. ಮಂದ ಬೆಳಕಿನಲ್ಲಿ ಹಳೆಯ ಬೋಲ್ಟನ್ನು ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲೇ ಹೊಸದನ್ನು ಆರಿಸಿದ್ದ. 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ವ್ಯಾಸ ಅಂಗುಲದ ಸಾವಿರದಲ್ಲಿ 26 ಪಾಲಿನಷ್ಟು ಕಡಿಮೆಯಿತ್ತು. ಅವನು ಸೋಮಾರಿಯಲ್ಲ, ಕೆಲಸ ಮುಂದೆ ಸಾಗಲೆಂದು ತಾನೇ ಸ್ಪ್ಯಾನರ್ ಹಿಡಿದವನು. ಸಿಬ್ಬಂದಿ ಕೊರತೆಯನ್ನು ನಿಷ್ಠೆಯಿಂದ ತುಂಬಿಸಹೊರಟರೆ ಆಗುವುದು ಇದೇ.

ಇದು ಅಂದಿನ ಇಂಗ್ಲೆಂಡಿನ ಮಾತಾಯಿತು ಎನ್ನುವವರು 2022ರ ಜುಲೈ ತಿಂಗಳನ್ನು ನೆನೆಯಬಹುದು. ಆ ತಿಂಗಳ ಎರಡನೆಯ ವಾರದಲ್ಲಿ ಹೈದರಾಬಾದ್ ಮತ್ತು ದೆಹಲಿಯಲ್ಲಿ ಇಂಡಿಗೋ ಸಂಸ್ಥೆಯ ಅನೇಕ ತಂತ್ರಜ್ಞರು ಒಟ್ಟಾಗಿ ಅನಾರೋಗ್ಯ ರಜೆ ಹಾಕಿದರು. ಕಡಿಮೆ ಸಂಬಳ ಅವರ ದೂರು. ಸಾಂಕ್ರಾಮಿಕದ ಕಾಲದಲ್ಲಿ ಕಡಿತವಾದದ್ದು ವಿಮಾನಗಳು ಮತ್ತೆ ತುಂಬಿ ಹಾರತೊಡಗಿದ ಮೇಲೂ ಸರಿಹೋಗಿರಲಿಲ್ಲ. ಸಾಂಕ್ರಾಮಿಕದಿಂದಾದ ವೇತನದ ಏರುಪೇರುಗಳನ್ನು ಸರಿಪಡಿಸುವುದಾಗಿ ಸಂಸ್ಥೆ ಆಮೇಲೆ ಹೇಳಿತು. ಹಾಗಾದರೆ ಏರುಪೇರು ಇದ್ದದ್ದು ನಿಜ. ಅದು ಆಡಳಿತದ ಕಣ್ಣಿಗೆ ಬೀಳಲು ಅನೇಕರಿಗೆ ಒಟ್ಟಾಗಿ ‘ಜ್ವರ’ ಬರಬೇಕಾಯಿತು.

ಅದೇ ತಿಂಗಳ 18ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಎಲ್ಲ ವಿಮಾನಸಂಸ್ಥೆಗಳಿಗೆ ಒಂದು ಆದೇಶ ಹೊರಡಿಸಿತು. ಅದರ ಅನಿರೀಕ್ಷಿತ ತಪಾಸಣೆಗಳಲ್ಲಿ ಕಂಡದ್ದು: ದೋಷದ ಮೂಲಕಾರಣವನ್ನು ಸರಿಯಾಗಿ ಗುರುತಿಸುತ್ತಿಲ್ಲ, ‘ಸದ್ಯಕ್ಕೆ ಹಾರಲಿ, ರಿಪೇರಿ ಆಮೇಲೆ’ ಎಂದು ಎಂಇಎಲ್ ಪಟ್ಟಿಯಡಿ ವಿಮಾನಗಳನ್ನು ಬಿಡುವುದು ಹೆಚ್ಚುತ್ತಿದೆ, ಒಂದರ ಹಿಂದೊಂದು ವಿಮಾನ ಬಂದು ಹೊರಡುವಲ್ಲಿ ಬೇಕಾದಷ್ಟು ಪ್ರಮಾಣೀಕರಿಸುವ ಸಿಬ್ಬಂದಿಯಿಲ್ಲ, ನಡುದಾರಿಯ ನಿಲ್ದಾಣಗಳಲ್ಲಿ ‘ಎ’ ವರ್ಗದ ಲೈಸೆನ್ಸಿನವರಿಗೆ ‘ಈ ಒಂದು ಸಲಕ್ಕೆ’ ಎಂದು ಅಧಿಕಾರ ಕೊಟ್ಟು ಕೆಲಸ ಸಾಗಿಸಲಾಗುತ್ತಿದೆ. ‘ಎ’ ವರ್ಗದವರು ಚಿಕ್ಕಪುಟ್ಟ ನಿಗದಿತ ಕೆಲಸಗಳಿಗೆ ರುಜು ಹಾಕಬಲ್ಲವರು. ಎಂಜಿನ್ ಮತ್ತು ಯಂತ್ರಭಾಗಗಳಿಗೆ ಬಿ1, ವಿದ್ಯುನ್ಮಾನ ವ್ಯವಸ್ಥೆಗಳಿಗೆ ಬಿ2 ಬೇಕು. ತಕ್ಕ ಅಧಿಕಾರವುಳ್ಳ ಬಿ1, ಬಿ2 ಎಂಜಿನಿಯರ್‌ಗಳೇ ವಿಮಾನವನ್ನು ಬಿಡುಗಡೆ ಮಾಡಬೇಕು, ಜುಲೈ 28ರೊಳಗೆ ಇದು ಜಾರಿಯಾಗಬೇಕು ಎಂದಿತು ಆದೇಶ. ಹತ್ತು ದಿನ! ಪರೀಕ್ಷೆಗಳನ್ನು ಪಾಸುಮಾಡಿ, ವರ್ಷಗಟ್ಟಲೆ ಹ್ಯಾಂಗರಿನಲ್ಲಿ ದುಡಿದು ಪಡೆಯಬೇಕಾದ ಲೈಸೆನ್ಸಿನ ಜನರನ್ನು ಹತ್ತು ದಿನದಲ್ಲಿ ಯಾರು ತಂದುಕೊಟ್ಟಾರು? ಇದ್ದವರನ್ನೇ ಅತ್ತಿಂದಿತ್ತ ಓಡಿಸಬೇಕು, ಇಲ್ಲವೇ ಇದ್ದವರ ಪಾಳಿಯನ್ನು ಹಿಗ್ಗಿಸಬೇಕು. ಅಂದಹಾಗೆ, ತಪಾಸಣೆ ಮಾಡುವ ಡಿಜಿಸಿಎಯಲ್ಲೇ ಮಂಜೂರಾದ ಹುದ್ದೆಗಳಲ್ಲಿ ಅರ್ಧಕ್ಕೆ ಸಮೀಪ ಖಾಲಿಯಿವೆ ಎಂದು 2025ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಎತ್ತಿ ತೋರಿಸಿದೆ. ಖಾಲಿ ಹುದ್ದೆಯ ಕೆಲಸವನ್ನು ‘ಹೆಚ್ಚುವರಿ ಹೊಣೆ’ ಎಂಬ ಹೆಸರಿನಲ್ಲಿ ಹೊರುವುದು ಹೇಗಿರುತ್ತದೆಂದು ಕೇಂದ್ರ ಸರ್ಕಾರದ ಕಚೇರಿಗಳಲ್ಲಿರುವ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಕಡತ ಆಕಾಶದಿಂದ ಬೀಳುವುದಿಲ್ಲ.

ಪಾಳಿಯ ವಿಷಯಕ್ಕೆ ಬರೋಣ. ಪೈಲಟ್ಟಿನ ದಣಿವನ್ನು ರಾಜ್ಯ ಗಂಟೆಗಳಲ್ಲಿ ಎಣಿಸುತ್ತದೆ. 2024ರಲ್ಲಿ ಪ್ರಕಟವಾದ ನಿಯಮ ವಾರದ ನಿರಂತರ ವಿಶ್ರಾಂತಿಯನ್ನು 36ರಿಂದ 48 ಗಂಟೆಗೇರಿಸಿತು. ರಾತ್ರಿಯ ಇಳಿಕೆಗಳನ್ನು ಮೊಟಕುಗೊಳಿಸುವ ಭಾಗ 2025ರ ನವೆಂಬರಿನಲ್ಲಿ ಜಾರಿಗೆ ಬಂದಾಗ, ಅದಕ್ಕೆ ತಕ್ಕಷ್ಟು ಜನರನ್ನು ಸಿದ್ಧಮಾಡಿಕೊಳ್ಳದ ಇಂಡಿಗೋ ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳನ್ನು ರದ್ದುಮಾಡಿತು. ಕೊನೆಗೆ ತಾತ್ಕಾಲಿಕವಾಗಿ ಸಡಿಲಗೊಂಡದ್ದು ನಿಯಮವೇ. ಅದೇನೇ ಇರಲಿ, ಪೈಲಟ್ಟಿಗೆ ಒಂದು ಅಂಕಿಯಾದರೂ ಇದೆ. ಮೆಕ್ಯಾನಿಕ್‌ನ ವಿಷಯಕ್ಕೆ ಬಂದರೆ ಸಿಎಆರ್-145 ಎಂಬ ನಿಯಮಾವಳಿ, ಕೆಲಸವನ್ನು ಯೋಜಿಸುವಾಗ ಮತ್ತು ಪಾಳಿ ಹಾಕುವಾಗ ‘ಮಾನವ ಸಾಮರ್ಥ್ಯದ ಮಿತಿಗಳನ್ನು’ ಗಮನದಲ್ಲಿಡಬೇಕು ಎನ್ನುತ್ತದೆ. ಎಷ್ಟು ಗಂಟೆ, ಎಷ್ಟು ರಾತ್ರಿ ಎಂಬ ಅಂಕಿ ಆ ವಾಕ್ಯದಲ್ಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತಹ ಮಾತಿದು. ವಿಮಾನಗಳು ಹಗಲು ಹಾರುತ್ತವೆ, ಆದ್ದರಿಂದ ರಿಪೇರಿ ರಾತ್ರಿಯೇ ನಡೆಯಬೇಕು. ಮನುಷ್ಯದೇಹ ಅತ್ಯಂತ ಮಂಕಾಗಿರುವ ಎರಡರಿಂದ ಆರರ ನಡುವಿನ ಹೊತ್ತಿನಲ್ಲೇ ಅವನು ಅಂಗುಲದ ಸಾವಿರದ ಪಾಲುಗಳನ್ನು ಅಳೆಯಬೇಕು. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರಕ್ಕಾಗಿ ಪ್ರೊಫೆಸರ್ ಸೈಮನ್ ಫೋಕಾರ್ಡ್ 2003ರಲ್ಲೇ ಅಂಕಿಗಳನ್ನು ಕೊಟ್ಟಿದ್ದಾರೆ: ಪಾಳಿ 12 ಗಂಟೆ ಮೀರಬಾರದು, ಓವರ್‌ಟೈಮ್ ಸೇರಿದರೂ 13 ದಾಟಬಾರದು, ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವಿರಬೇಕು. ಇವನ್ನು ನಮ್ಮ ನಿಯಮಾವಳಿಯಲ್ಲಿ ಅಂಕಿಗಳಾಗಿಯೇ ಬರೆಯಲು ಯಾವ ಹೊಸ ಸಂಶೋಧನೆಯೂ ಬೇಕಿಲ್ಲ.

ಇನ್ನು ಯೂನಿಯನ್. ಇಲ್ಲಿ ನಮ್ಮ ಮಧ್ಯಮವರ್ಗದ ಹಣೆ ಗಂಟಿಕ್ಕುತ್ತದೆ. ಹಳೆಯ ಏರ್ ಇಂಡಿಯಾದ ಯೂನಿಯನ್‌ಗಳು ಪ್ರಯಾಣಿಕರನ್ನು ಕಾಡಿದ್ದವು ಎಂಬ ದೂರನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್‌ಟಿಸಿಗೆ ಅದೊಂದೇ ವಿಮಾನ ಗತಿಯಾಗಿದ್ದ ಕಾಲದಲ್ಲಿ ನಾವೂ ಬೈದವರೇ. ಆದರೆ 2010ರ ಮೇ ತಿಂಗಳ ಸಂಗತಿಯನ್ನು ಕನ್ನಡಿಗರು ಇನ್ನೊಮ್ಮೆ ನೋಡಬೇಕು. ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನ ಸತ್ತರು. ಆ ದುರಂತಕ್ಕೆ ಮೆಕ್ಯಾನಿಕ್‌ಗಳು ಕಾರಣರಲ್ಲ. ತನಿಖೆ ಬೊಟ್ಟು ಮಾಡಿದ್ದು ವಿಮಾನವನ್ನು ಇಳಿಸಿದ ರೀತಿಯತ್ತ. ಮೂರು ದಿನಗಳ ನಂತರ, ಮಾಧ್ಯಮದೊಡನೆ ಮಾತಾಡಕೂಡದೆಂಬ ಆಡಳಿತದ ಅಪ್ಪಣೆಯನ್ನು ವಿರೋಧಿಸಿ ಏರ್ ಇಂಡಿಯಾದ ಎಂಜಿನಿಯರ್‌ಗಳ ಸಂಘವೂ ನೌಕರರ ಸಂಘವೂ ದಿಢೀರ್ ಮುಷ್ಕರ ಹೂಡಿದವು. ಶೋಕದ ಹೊತ್ತಿನಲ್ಲಿ ಮುಷ್ಕರವೇ ಎಂದು ದೇಶವೆಲ್ಲ ಛೀಮಾರಿ ಹಾಕಿತು. ದೆಹಲಿ ಹೈಕೋರ್ಟು ತಡೆಯಿತು; ಆಡಳಿತ ಎರಡೂ ಸಂಘಗಳ ಮಾನ್ಯತೆ ರದ್ದುಪಡಿಸಿ ಹತ್ತಾರು ಜನರನ್ನು ವಜಾ ಮಾಡಿತು. ಅವರು ಆರಿಸಿಕೊಂಡ ಗಳಿಗೆ ಕೆಟ್ಟದ್ದಾಗಿತ್ತು, ಒಪ್ಪೋಣ. ಆದರೆ ವಿಮಾನದ ಒಳಹೊರಗನ್ನು ಬಲ್ಲವನು ಬಾಯಿ ತೆರೆಯಬಾರದೆಂಬ ಅಪ್ಪಣೆ ಯಾರ ಹಿತಕ್ಕಾಗಿತ್ತೆಂದು ಎಷ್ಟು ಜನ ಕೇಳಿದರು?

ಕಾನೂನಿನ ಬಾಗಿಲು ಆಗಲೂ ಅಗಲವಿರಲಿಲ್ಲ. ವಿಮಾನಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆಯಾಗಿತ್ತು. ಮುಷ್ಕರಕ್ಕೆ ನೋಟಿಸ್ ಕೊಡಬೇಕು, ಹದಿನಾಲ್ಕು ದಿನ ಕಾಯಬೇಕು, ಅಷ್ಟರಲ್ಲಿ ಸಂಧಾನ ಶುರುವಾದರೆ ಅದು ಮುಗಿಯುವ ತನಕ ಮುಷ್ಕರ ನಿಷಿದ್ಧ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅರ್ಧದಷ್ಟು ಕಾರ್ಮಿಕರು ಒಂದೇ ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರವೆಂದೇ ಎಣಿಸುತ್ತದೆ.

ಮುಷ್ಕರ ಹೂಡುವ ಹಕ್ಕು ನಮಗೂ ಇಲ್ಲ. ಕೇಂದ್ರ ನೌಕರರ 1964ರ ನಡತೆ ನಿಯಮಗಳು ಅದನ್ನು ನಿಷೇಧಿಸಿವೆ. ಆದರೆ ಬಾಯಿ ಕಟ್ಟಿದ ರಾಜ್ಯ ನಮಗೆ ಬೇರೊಂದು ಕಿಂಡಿ ತೆರೆಯಿತು: 1966ರ ಜಂಟಿ ಸಮಾಲೋಚನಾ ವ್ಯವಸ್ಥೆ. ಮಾತುಕತೆ ಮುರಿದುಬಿದ್ದರೆ ಮೂರು ವಿಷಯಗಳನ್ನು ಕಡ್ಡಾಯ ಮಧ್ಯಸ್ಥಿಕೆಗೆ ಒಪ್ಪಿಸಬಹುದು: ವೇತನ ಮತ್ತು ಭತ್ಯೆ, ವಾರದ ಕೆಲಸದ ಗಂಟೆಗಳು, ರಜೆ. ಜತೆಗೆ ಈಗ ಎಂಟನೆಯದಾಗಿ ಬಂದಿರುವ ವೇತನ ಆಯೋಗ. ಹ್ಯಾಂಗರಿನ ಅಹವಾಲುಗಳೂ ಈ ಮೂರೇ ಅಲ್ಲವೇ? ಗುಮಾಸ್ತನಿಗೆ ಸಲ್ಲುವ ಮಧ್ಯಸ್ಥಿಕೆ ವಿಮಾನದ ಎಂಜಿನ್ನಿಗೆ ರುಜು ಹಾಕುವವನಿಗೆ ಏಕೆ ಸಲ್ಲಬಾರದು? ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾಗಳಿಗೆ ಹೋದಾಗ ಅದರ ಎಂಜಿನಿಯರಿಂಗ್ ಸಂಸ್ಥೆ ಸರ್ಕಾರದ ಕೈಯಲ್ಲೇ ಉಳಿಯಿತು. ಅಲ್ಲಿಂದಲಾದರೂ ಸರ್ಕಾರ ಇದನ್ನು ಆರಂಭಿಸಬಹುದಿತ್ತು.

ಟಿಕೆಟಿನ ದರ ಏರುತ್ತದೆ ಎಂಬ ಆಕ್ಷೇಪವೊಂದು ಉಳಿಯಿತು. ಏರಬಹುದು. ದೀಪಾವಳಿಯ ಹಿಂದಿನ ವಾರ ಅದೇ ಸೀಟಿಗೆ ಎರಡು ಮೂರು ಪಟ್ಟು ತೆತ್ತು, ಊಟಕ್ಕೆ, ಕಿಟಕಿಗೆ, ಪೆಟ್ಟಿಗೆಯ ತೂಕಕ್ಕೆ ಬೇರೆ ಬೇರೆ ಹಣ ಕಟ್ಟಿ ಪ್ರಯಾಣಿಸುತ್ತಲೇ ಇದ್ದೇವೆ. ಆ ರಸೀತಿಯಲ್ಲಿ ರಾತ್ರಿಪಾಳಿಯ ಇನ್ನೊಬ್ಬ ಎಂಜಿನಿಯರನ ಸಂಬಳದ ಬಾಬತ್ತು ಒಂದು ಸಾಲು ಸೇರಿದರೆ ನಮ್ಮ ತಕರಾರಿಲ್ಲ.