ಗರಗಸಕ್ಕೂ ಒಂದು ಮೂಗುದಾರ

ಮುಂಗಾರಿಗೆ ಮುಂಚಿನ ಗಾಳಿಮಳೆ ಬೆಂಗಳೂರಿನ ಬಡಾವಣೆಗಳಲ್ಲಿ ಪ್ರತಿವರ್ಷವೂ ಒಂದಲ್ಲ ಒಂದು ಗುಲ್‌ಮೊಹರ್ ಮರವನ್ನು ಕೆಡವಿಯೇ ಮುಂದೆ ಹೋಗುತ್ತದೆ. ಬೆಳಗಾಗುವ ಹೊತ್ತಿಗೆ ಕಾಂಪೌಂಡಿನ ಗೋಡೆಯ ಮೇಲೆ ಮುರಿದ ಕೊಂಬೆ, ಬೀದಿಯ ತುಂಬ ಕೆಂಪು ಹೂವು, ತಂತಿ ಹರಿದು ದೀಪವಿಲ್ಲದ ಮನೆಗಳು. ಹತ್ತು ಗಂಟೆಯ ವೇಳೆಗೆ ತಲೆಗೆ ಟವಲು ಸುತ್ತಿದ ಕೆಲಸಗಾರನೊಬ್ಬ ಕಿತ್ತಳೆ ಬಣ್ಣದ ಯಂತ್ರವೊಂದನ್ನು ಹೊತ್ತು ಬರುತ್ತಾನೆ. ಮಕ್ಕಳು ಮಹಡಿಯ ಮೇಲೆ ಸಾಲುಗಟ್ಟಿ ನಿಲ್ಲುತ್ತಾರೆ. ಮನೆಯ ಯಜಮಾನರು ಕೂಲಿಯ ಚೌಕಾಶಿಗೆ ತೊಡಗುತ್ತಾರೆ. ತುಳಸಿಕಟ್ಟೆಗೆ ಪೆಟ್ಟಾಗದಿರಲೆಂದು ಮನೆಯಾಕೆ ಒಳಗಿನಿಂದಲೇ ಎಚ್ಚರಿಸುತ್ತಾರೆ.

ಚೌಕಾಶಿ ಮುಗಿದ ಮೇಲೆ ಆತ ಯಂತ್ರವನ್ನು ನೆಲದ ಮೇಲಿರಿಸಿ, ಹಿಂದಿನ ಹಿಡಿಯನ್ನು ಪಾದದಿಂದ ಮೆಟ್ಟಿ, ಮುಂದಿನ ಹಿಡಿಯ ಎದುರಿಗಿರುವ ಕಪ್ಪು ಕಾಪುಪಟ್ಟಿಯೊಂದನ್ನು ಮುಂದಕ್ಕೆ ತಳ್ಳುತ್ತಾನೆ. ‘ಟಕ್’ ಎಂದು ಸಣ್ಣ ಸದ್ದಾಗುತ್ತದೆ. ಅನಂತರವೇ ಹಗ್ಗವನ್ನೆಳೆದು ಯಂತ್ರವನ್ನು ಚಾಲೂ ಮಾಡುತ್ತಾನೆ. ನೆರೆದವರಲ್ಲಿ ಆ ‘ಟಕ್’ ಎಂಬುದನ್ನು ಗಮನಿಸುವವರು ಯಾರೂ ಇಲ್ಲ. ಆದರೆ ಅವನು ಬೆಳಿಗ್ಗೆ ಹೊರಟಂತೆಯೇ ಸಂಜೆ ತನ್ನ ಮನೆಗೆ ಮರಳುವುದು ಕೆಲವೊಮ್ಮೆ ಆ ಕಪ್ಪು ಪಟ್ಟಿಯನ್ನೇ ಅವಲಂಬಿಸಿರುತ್ತದೆ.

ಎತ್ತಿಗೆ ಮೂಗುದಾರ, ಕುದುರೆಗೆ ಲಗಾಮು, ಆನೆಗೆ ಅಂಕುಶ. ತನಗಿಂತ ಬಲಶಾಲಿಯಾದುದನ್ನು ದುಡಿಮೆಗೆ ಹೂಡುವಾಗಲೆಲ್ಲ ಅದನ್ನು ತಡೆಯುವ ಉಪಾಯವನ್ನೂ ಮನುಷ್ಯನು ಜೊತೆಯಲ್ಲಿಯೇ ಕಂಡುಕೊಂಡಿದ್ದಾನೆ. ಸರಪಣಿ ಗರಗಸದ ವಿಷಯದಲ್ಲಿ ಮಾತ್ರ ಹಾಗಾಗಲಿಲ್ಲ. ‘ಚೈನ್ ಸಾ’ ಎಂದು ಎಲ್ಲರೂ ಕರೆಯುವ ಈ ಯಂತ್ರವು ಹುಟ್ಟಿದ ಮೇಲೆ ಸುಮಾರು ಅರ್ಧ ಶತಮಾನ ಕಾಲ ಮೂಗುದಾರವಿಲ್ಲದೆಯೇ ಕಾಡಿನಲ್ಲಿ ದುಡಿಯಿತು.

ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ ಎಂಬ ಎಂಜಿನಿಯರು 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಸರಪಣಿ ಗರಗಸವನ್ನು ನಿರ್ಮಿಸಿದನು. 1929ರಲ್ಲಿ ಪೆಟ್ರೋಲಿನಿಂದ ನಡೆಯುವ ಗರಗಸವೂ ಆತನ ಕಾರ್ಖಾನೆಯಿಂದ ಹೊರಬಂದಿತು. ಆ ಕಾಲದ ಯಂತ್ರಗಳು ಬಹು ಭಾರವಾದವು. ಹೊತ್ತು ನಡೆಸಲು ಇಬ್ಬರು ಬೇಕಾಗಿತ್ತು. ಸರಪಣಿಯ ಹಲ್ಲುಗಳೂ ಮರವನ್ನು ಕೊಯ್ಯುವುದಕ್ಕಿಂತ ಕೆರೆಯುತ್ತಿದ್ದುದೇ ಹೆಚ್ಚು. 1946ರಲ್ಲಿ ಅಮೆರಿಕದ ಆರಿಗನ್ ಪ್ರಾಂತದ ಜೋ ಕಾಕ್ಸ್ ಎಂಬಾತನು, ಮರದ ಬೊಡ್ಡೆಯೊಂದರಲ್ಲಿ ದುಂಬಿಯ ಮರಿಹುಳು ತನ್ನ ಎರಡು ದವಡೆಗಳಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮರವನ್ನು ಕೊರೆಯುತ್ತ ಸಾಗುವುದನ್ನು ಕಂಡನು. ಆ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ತಂದು, ಎಡಬಲಗಳಲ್ಲಿ ಸರದಿಯಾಗಿ ಕೊಯ್ಯುವ ಹಲ್ಲುಗಳ ಸರಪಣಿಯನ್ನು ರಚಿಸಿದನು. ಇಂದಿನ ಗರಗಸಗಳ ಸರಪಣಿಗೆ ಮೂಲ ಅದೇ. 1959ರಲ್ಲಿ ಸ್ಟೀಲ್ ಕಾರ್ಖಾನೆಯು ನಡುವೆ ಗೇರುಗಳಿಲ್ಲದೆ ಎಂಜಿನ್ನೇ ನೇರವಾಗಿ ಸರಪಣಿಯನ್ನು ಓಡಿಸುವ, ಒಬ್ಬನೇ ಹಿಡಿದು ನಡೆಸಬಲ್ಲ ಯಂತ್ರವನ್ನು ತಯಾರಿಸಿತು. ಅದೇ ವರ್ಷ ಸ್ವೀಡನ್ನಿನ ಹುಸ್ಕ್ವರ್ನ ಕಾರ್ಖಾನೆಯೂ ಗರಗಸದ ತಯಾರಿಕೆಗೆ ಕೈಹಾಕಿತು. 1689ರಲ್ಲಿ ಬಂದೂಕಿನ ಕಾರ್ಖಾನೆಯಾಗಿ ಹುಟ್ಟಿ, ಮುಂದೆ ಹೊಲಿಗೆಯಂತ್ರ ಮತ್ತು ಮೋಟಾರುಸೈಕಲ್ಲುಗಳನ್ನು ಮಾಡಿದ ಮನೆತನ ಅದು.

ಹೀಗೆ ಗರಗಸವು ಹಗುರವಾಯಿತು, ಹರಿತವಾಯಿತು, ವೇಗವಾಗಿ ಓಡತೊಡಗಿತು. ಇಬ್ಬರು ದಿನವಿಡೀ ಎಳೆದಾಡಬೇಕಾಗಿದ್ದ ಮರವು ಕೆಲವೇ ನಿಮಿಷಗಳಲ್ಲಿ ಉರುಳಿತು. ಅದರೊಡನೆಯೇ ಹೊಸದೊಂದು ಅಪಾಯವೂ ಬೆಳೆಯಿತು. ಗರಗಸವು ಒಮ್ಮೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ, ಹಿಡಿದವನ ಮುಖದತ್ತಲೇ ಚಿಮ್ಮುತ್ತಿತ್ತು.

ಇದರ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಎಂಜಿನ್ನಿನ ಮುಂದೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿಯ ಅಂಚನ್ನು ಸುತ್ತಿ ಸರಪಣಿಯು ಓಡುತ್ತದೆ. ಪಟ್ಟಿಯ ಮೇಲಂಚಿನಲ್ಲಿ ಅದು ಮುಂದಕ್ಕೆ ಓಡಿ, ದುಂಡಾದ ಮೂತಿಯನ್ನು ಬಳಸಿ ಇಳಿದು, ಕೆಳಗಂಚಿನಲ್ಲಿ ಹಿಂದಕ್ಕೆ ಬರುತ್ತದೆ. ಕೆಳಗಂಚಿನಿಂದ ಕೊಯ್ಯುವವರೆಗೆ ಭಯವಿಲ್ಲ. ಮರವೇ ಯಂತ್ರವನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಆದರೆ ಮೂತಿಯ ಮೇಲಿನ ಕಾಲುಭಾಗ ಇನ್ನೊಂದು ಕೊಂಬೆಗೋ ಎಲೆಯ ಮರೆಯಲ್ಲಿರುವ ಗಂಟಿಗೋ ತಾಕಿದರೆ, ಅಲ್ಲಿ ಮುಂದಕ್ಕೆ ನುಗ್ಗುತ್ತಿರುವ ಹಲ್ಲುಗಳು ಕೊಯ್ಯಲಾರದೆ ಕಚ್ಚಿಕೊಂಡುಬಿಡುತ್ತವೆ. ಅಂಬಿಗನು ಹುಟ್ಟಿನಿಂದ ದಡವನ್ನೊತ್ತಿದರೆ ದಡ ಸರಿಯದು. ದೋಣಿಯೇ ಹಿಂದಕ್ಕೆ ಸರಿಯುತ್ತದೆ. ಅಂತೆಯೇ ಕೊಂಬೆಯನ್ನು ನೂಕಲಾರದ ಸರಪಣಿಯು ಎಂಜಿನ್ನಿನ ಬಲವನ್ನೆಲ್ಲ ಗರಗಸದ ಮೇಲೆಯೇ ತಿರುಗಿಸುತ್ತದೆ. ಮೂತಿಯು ಮೇಲಕ್ಕೂ ಹಿಂದಕ್ಕೂ ಹಾರಿ ಕೆಲಸಗಾರನ ಕುತ್ತಿಗೆ, ಭುಜ, ಮುಖಗಳತ್ತ ಬರುತ್ತದೆ.

ಅನುಭವಿಯಾದವನು ತಪ್ಪಿಸಿಕೊಳ್ಳಬಾರದೇ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರವನ್ನು ಲೆಕ್ಕವೇ ಹೇಳುತ್ತದೆ. ಸರಪಣಿಯ ವೇಗವು ಸೆಕೆಂಡಿಗೆ ಸುಮಾರು 20 ಮೀಟರು, ಅಂದರೆ ಗಂಟೆಗೆ 72 ಕಿಲೋಮೀಟರು. 40 ಸೆಂಟಿಮೀಟರಿನ ಪಟ್ಟಿಯುಳ್ಳ ಸಾಧಾರಣ ಗರಗಸದಲ್ಲಿ ಸರಪಣಿಯ ಸುತ್ತಳತೆ ಒಂದು ಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ಕೊಯ್ಯುವ ಹಲ್ಲುಗಳು ಸುಮಾರು 28. ಎಷ್ಟೇ ಚುರುಕಾದ ಮನುಷ್ಯನಿಗೂ ಕಣ್ಣಿಗೆ ಬಿದ್ದುದು ಮನಸ್ಸಿಗೆ ಮುಟ್ಟಿ ಕೈ ಅಲುಗಲು ಒಂದು ಸೆಕೆಂಡಿನ ಐದರಲ್ಲೊಂದು ಭಾಗವಾದರೂ ಹಿಡಿಯುತ್ತದೆ. ಅಷ್ಟರಲ್ಲಿ ಸರಪಣಿಯು 4 ಮೀಟರು ಓಡಿರುತ್ತದೆ. ನೂರಕ್ಕೂ ಹೆಚ್ಚು ಹಲ್ಲುಗಳು ಒಂದು ಬಿಂದುವನ್ನು ದಾಟಿ ಹೋಗಿರುತ್ತವೆ. ಬೆರಳನ್ನು ಸಡಿಲಿಸಿದರೂ ಸರಪಣಿಯು ತನ್ನ ಓಟದ ಭರದಲ್ಲಿ ಇನ್ನಷ್ಟು ದೂರ ಓಡುತ್ತದೆ. ಇದು ಧೈರ್ಯದ ಕೊರತೆಯಲ್ಲ, ಅನುಭವದ ಕೊರತೆಯೂ ಅಲ್ಲ. ಮನುಷ್ಯನ ನರಗಳು ಆ ವೇಗಕ್ಕೆ ಸೃಷ್ಟಿಯಾದವಲ್ಲ, ಅಷ್ಟೆ.

ಆದುದರಿಂದ ಮನುಷ್ಯನು ಯೋಚಿಸಿ ಒತ್ತಬೇಕಾದ ಬ್ರೇಕಿನಿಂದ ಇಲ್ಲಿ ಪ್ರಯೋಜನವಿಲ್ಲ. ಮೋಟಾರಿನಲ್ಲಾದರೆ ದೂರದ ಅಡ್ಡಿಯನ್ನು ಕಂಡು ಕಾಲಿನಿಂದ ಬ್ರೇಕ್ ಮೆಟ್ಟಬಹುದು. ಇಲ್ಲಿ ಕಾಣುವುದಕ್ಕೆ ಮೊದಲೇ ಎಲ್ಲವೂ ಮುಗಿದಿರುತ್ತದೆ. ಅಪಾಯವೇ ತನ್ನ ಕಾವಲುಗಾರನನ್ನು ಎಬ್ಬಿಸುವಂಥ ಉಪಾಯವೊಂದು ಬೇಕಾಗಿತ್ತು. 1970ರ ದಶಕದ ಆರಂಭದಲ್ಲಿ ಅದು ಗರಗಸಗಳಿಗೆ ಬಂದಿತು. ಹುಸ್ಕ್ವರ್ನ ಕಾರ್ಖಾನೆಯು ತನ್ನ ಸ್ವಯಂಚಾಲಿತ ಸರಪಣಿ ಬ್ರೇಕನ್ನು ಹೊರತಂದುದು 1973ರಲ್ಲಿ.

ಉಪಾಯವು ಬಹು ಸರಳವಾದುದು. ಎಂಜಿನ್ನಿಗೂ ಸರಪಣಿಗೂ ನಡುವೆ ಚಿಕ್ಕ ಡಬ್ಬಿಯಾಕಾರದ ಉಕ್ಕಿನ ಡ್ರಮ್ಮೊಂದಿದೆ. ಎಂಜಿನ್ ನಿಧಾನವಾಗಿರುವಾಗ ಅದು ನಿಶ್ಚಲವಾಗಿರುತ್ತದೆ, ವೇಗ ಏರಿದೊಡನೆ ಒಳಗಿನ ಕ್ಲಚ್ಚು ಅದನ್ನು ಹಿಡಿದು ತಿರುಗಿಸುತ್ತದೆ, ಸರಪಣಿಯು ಓಡುತ್ತದೆ. ಆ ಡ್ರಮ್ಮಿನ ಹೊರಮೈಯನ್ನು, ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಯಂತೆ, ತೆಳುವಾದ ಉಕ್ಕಿನ ಪಟ್ಟಿಯೊಂದು ಸುತ್ತಿಕೊಂಡಿರುತ್ತದೆ, ಆದರೆ ಸಡಿಲವಾಗಿ. ಪಟ್ಟಿಯನ್ನು ಬಿಗಿಯಲು ಬಲವಾದ ಸ್ಪ್ರಿಂಗೊಂದು ಇಲಿಬೋನಿನ ಸ್ಪ್ರಿಂಗಿನಂತೆ ಸದಾ ಕಾದಿರುತ್ತದೆ. ಅದನ್ನು ತಡೆದಿರುವುದು ಮೊಣಕಾಲಿನಂತೆ ಮಡಿಸುವ ಒಂದು ಸಣ್ಣ ಕೀಲು. ನೆಟ್ಟಗೆ ನಿಂತ ಗೆಳೆಯನ ಮೊಣಕಾಲಿನ ಹಿಂಬದಿಗೆ ಮೆಲ್ಲನೆ ತಟ್ಟಿ ಅವನನ್ನು ಕುಸಿಯುವಂತೆ ಮಾಡುವ ತುಂಟತನ ಶಾಲೆಯ ಹುಡುಗರಿಗೆಲ್ಲ ಗೊತ್ತು. ಈ ಕೀಲೂ ಹಾಗೆಯೇ. ದೊಡ್ಡ ಬಲವನ್ನು ತಡೆದು ನಿಂತಿದ್ದರೂ ಸಣ್ಣ ತಟ್ಟಿಗೆ ಮಡಿಯುತ್ತದೆ.

ತಟ್ಟುವುದು ಆ ಕಪ್ಪು ಕಾಪುಪಟ್ಟಿ. ಅದು ಮುಂದಿನ ಹಿಡಿಯನ್ನು ಹಿಡಿದ ಎಡಗೈಗೆ ಸರಿಯಾಗಿ ಎದುರಿನಲ್ಲಿರುತ್ತದೆ. ಕೈ ಜಾರಿ ಸರಪಣಿಯ ಮೇಲೆ ಬೀಳದಂತೆ ಕಾಯುವುದು ಅದರ ಒಂದು ಕೆಲಸ. ಗರಗಸವು ಚಿಮ್ಮಿದಾಗ ಯಂತ್ರವು ಮೇಲೆದ್ದು ಹಿಂದಕ್ಕೆ ತಿರುಗುವುದರಿಂದ ಕಾಪುಪಟ್ಟಿಯು ತಾನಾಗಿಯೇ ಎಡಗೈಯ ಮಣಿಕಟ್ಟಿಗೆ ಬಂದು ತಾಕುತ್ತದೆ. ಕೆಲಸಗಾರನು ಏನನ್ನೂ ಮಾಡಬೇಕಾಗಿಲ್ಲ. ಕೀಲು ಮಡಿಯುತ್ತದೆ, ಸ್ಪ್ರಿಂಗು ಬಿಡುಗಡೆಯಾಗುತ್ತದೆ, ಪಟ್ಟಿಯು ಡ್ರಮ್ಮನ್ನು ಹಿಸುಕುತ್ತದೆ, ಸರಪಣಿಯು ನಿಲ್ಲುತ್ತದೆ. ಇದಕ್ಕೆ ಹಿಡಿಯುವ ಕಾಲವು ಸರಾಸರಿ 0.12 ಸೆಕೆಂಡನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಮಾನಕವು ವಿಧಿಸುತ್ತದೆ. ಅಂದರೆ ಕಣ್ಣು ಕಂಡುದನ್ನು ಕೈ ಅರಿಯುವ ಮೊದಲೇ ಬ್ರೇಕ್ ತನ್ನ ಕೆಲಸವನ್ನು ಮುಗಿಸಿರುತ್ತದೆ.

ಕೈ ಕಾಪುಪಟ್ಟಿಗೆ ತಾಕದಿದ್ದರೆ? ಮರವನ್ನು ಬುಡದಲ್ಲಿ ಕೊಯ್ಯುವಾಗ ಗರಗಸವನ್ನು ಅಡ್ಡ ಮಲಗಿಸಿ, ಎಡಗೈಯನ್ನು ಹಿಡಿಯ ಪಕ್ಕಕ್ಕೆ ಸರಿಸಬೇಕಾಗುತ್ತದೆ. ಆಗ ಮಣಿಕಟ್ಟು ದೂರವಾಗುತ್ತದೆ. ಇದಕ್ಕೂ ಪರಿಹಾರವುಂಟು. ನಿಂತ ಬಸ್ಸು ತಟಕ್ಕನೆ ಹೊರಟರೆ ಪ್ರಯಾಣಿಕನು ಹಿಂದಕ್ಕೆ ವಾಲುತ್ತಾನೆ. ಬಸ್ಸು ಹೊರಟರೂ ಅವನ ದೇಹ ಇದ್ದಲ್ಲಿಯೇ ಇರಬಯಸುತ್ತದೆ. ಇದನ್ನೇ ಜಡತ್ವವೆನ್ನುತ್ತಾರೆ. ಕಾಪುಪಟ್ಟಿಯ ತೂಕವನ್ನು ತಕ್ಕಷ್ಟು ಹೊಂದಿಸಿಟ್ಟರೆ, ಗರಗಸವು ಹಠಾತ್ತನೆ ಮೇಲಕ್ಕೆ ಚಿಮ್ಮಿದಾಗ ಅದೂ ಇದ್ದಲ್ಲಿಯೇ ಉಳಿಯಬಯಸಿ ಯಂತ್ರಕ್ಕಿಂತ ಹಿಂದೆ ಬೀಳುತ್ತದೆ. ಆ ಅಂತರವೇ ಕೀಲನ್ನು ಮಡಿಸಲು ಸಾಕು. ಯಾವ ಬೆರಳೂ ಮುಟ್ಟದೆ ಬ್ರೇಕ್ ಬೀಳುತ್ತದೆ. ಅಪಘಾತದ ಚಲನೆಯೇ ಅಪಘಾತಕ್ಕೆ ಬೀಗವಾಗುತ್ತದೆ.

ಇಷ್ಟಾದರೂ ಬ್ರೇಕಿನ ಶಕ್ತಿಗೆ ಮಿತಿಯುಂಟು. ಅದು ಗರಗಸವು ಚಿಮ್ಮುವುದನ್ನು ತಡೆಯಲಾರದು. ಚಿಮ್ಮಿದ ಗರಗಸದ ಸರಪಣಿಯನ್ನು ಮಾತ್ರ ನಿಲ್ಲಿಸಬಲ್ಲದು. ಪೆಟ್ಟು ಬಿದ್ದೀತು, ಓಡುವ ಹಲ್ಲುಗಳ ಪೆಟ್ಟಾಗುವುದು ತಪ್ಪೀತು. ಎರಡೂ ಕೈಗಳಿಂದ ಹಿಡಿಯುವುದು, ಎಡಗೈಯ ಹೆಬ್ಬೆರಳನ್ನು ಹಿಡಿಯ ಸುತ್ತ ಬಿಗಿಯುವುದು, ಭುಜಕ್ಕಿಂತ ಎತ್ತರದಲ್ಲಿ ಕೊಯ್ಯದಿರುವುದು, ಮೂತಿಯು ಏನನ್ನೂ ತಾಕದಂತೆ ನೋಡಿಕೊಳ್ಳುವುದು ಇವೆಲ್ಲ ಕೆಲಸಗಾರನ ಪಾಲಿನ ಎಚ್ಚರ. ಒಂದು ಕೈಯಲ್ಲಿ ಕೊಂಬೆಯನ್ನೂ ಇನ್ನೊಂದರಲ್ಲಿ ಗರಗಸವನ್ನೂ ಹಿಡಿದವನಿಗೆ ಕಾಪುಪಟ್ಟಿಯನ್ನು ತಾಕಲು ಎಡಗೈಯೇ ಅಲ್ಲಿರುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದುಂಟು. ದಿನವೂ ಬಳಸುವ ಬ್ರೇಕ್ ಕೆಟ್ಟರೆ ಕೂಡಲೇ ತಿಳಿಯುತ್ತದೆ. ಎಂದೋ ಒಮ್ಮೆ ಬೇಕಾಗುವ ಬ್ರೇಕ್ ಕೆಟ್ಟುದು ಬೇಕಾದ ದಿನವೇ ತಿಳಿಯುತ್ತದೆ. ಎಣ್ಣೆಯಲ್ಲಿ ನೆನೆದ ಮರದ ಪುಡಿ ಕೀಲಿನಲ್ಲಿ ಮೆತ್ತಿಕೊಂಡರೆ ಅದು ಮಡಿಯದು. ಬ್ರೇಕ್ ಬಿದ್ದಿರುವಾಗಲೇ ಎಂಜಿನ್ನಿನ ವೇಗವನ್ನೇರಿಸಿದರೆ ಕ್ಲಚ್ಚು ಡ್ರಮ್ಮಿನೊಳಗೆ ಉಜ್ಜಿ ಸುಡುತ್ತದೆ. ಸುತ್ತುಪಟ್ಟಿಯೂ ಬಳಕೆಯಿಂದ ಸವೆದು ತೆಳುವಾಗುತ್ತದೆ. ಆದುದರಿಂದ ಕೆಲಸಕ್ಕೆ ಮುನ್ನ ಪ್ರತಿದಿನವೂ ಪರೀಕ್ಷಿಸುವುದು ವಿಹಿತ. ಗರಗಸವನ್ನು ಗಟ್ಟಿ ನೆಲದ ಮೇಲೆ ಎರಡು ಕೈಗಳಿಂದಲೂ ಹಿಡಿದು, ಸರಪಣಿಯು ಪೂರ್ತಿ ವೇಗದಲ್ಲಿ ಓಡುತ್ತಿರುವಾಗ, ಹಿಡಿಯನ್ನು ಬಿಡದೆ ಎಡ ಮಣಿಕಟ್ಟಿನಿಂದ ಕಾಪುಪಟ್ಟಿಯನ್ನು ಮುಂದಕ್ಕೆ ಒತ್ತಬೇಕು. ಸರಪಣಿಯು ಆ ಕ್ಷಣದಲ್ಲಿಯೇ ನಿಲ್ಲಬೇಕು. ನಿಂತೊಡನೆ ವೇಗದ ಗುಂಡಿಯನ್ನು ಬಿಡಬೇಕು. ನಿಲ್ಲದಿದ್ದರೆ ಅಂದು ಆ ಯಂತ್ರಕ್ಕೆ ರಜೆ. ಇಡೀ ಪರೀಕ್ಷೆಗೆ ಎರಡು ನಿಮಿಷವೂ ಬೇಡ.

ಆದರೆ ದಿನಗೂಲಿಯ ಮನುಷ್ಯನಿಗೆ ಯಂತ್ರಕ್ಕೆ ರಜೆಯೆಂದರೆ ಒಲೆಗೂ ರಜೆ. ಸವೆದ ಪಟ್ಟಿಯನ್ನು ಬದಲಿಸಲು ಹಣವಿರುವುದಿಲ್ಲ. ಯಾರಿಂದಲೋ ಕೊಂಡ ಹಳೆಯ ಗರಗಸದಲ್ಲಿ ಕಾಪುಪಟ್ಟಿಯೇ ಮುರಿದು ಹೋಗಿರಬಹುದು. ಅದಿಲ್ಲದೆಯೂ ಎಂಜಿನ್ ಓಡುತ್ತದೆ, ಮರ ಕೊಯ್ಯುತ್ತದೆ, ಕೂಲಿ ಸಿಗುತ್ತದೆ, ಒಂದು ದಿನದವರೆಗೆ. ನಗರದಲ್ಲಿ ನಿಂತ ಮರವೊಂದನ್ನು ಕಡಿಸಬೇಕಾದರೆ 1976ರ ವೃಕ್ಷ ಸಂರಕ್ಷಣೆಯ ಕಾಯಿದೆಯಂತೆ ಅನುಮತಿ ಬೇಕೆಂಬುದನ್ನು ಗೃಹಸ್ಥರು ಬಲ್ಲರು; ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಮರಕ್ಕೆ ಸಲ್ಲುವ ಈ ಮರ್ಯಾದೆಯು ಮರ ಕೊಯ್ಯುವವನಿಗೂ ಸಲ್ಲಬೇಡವೇ?

ಈಗ ಬ್ಯಾಟರಿಯಿಂದ ನಡೆಯುವ ಸಣ್ಣ ಗರಗಸಗಳು ಮನೆಯ ತೋಟಕ್ಕೂ ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಇಂಥ ಬ್ರೇಕ್ ಇರುವುದೇ ಇಲ್ಲ. ಕೊಳ್ಳುವವರು ಬಣ್ಣವನ್ನೂ ಬೆಲೆಯನ್ನೂ ನೋಡುವ ಮೊದಲು ಇದನ್ನು ವಿಚಾರಿಸುವುದು ಲೇಸು.

ಮುಂದಿನ ಗಾಳಿಮಳೆಗೆ ಮತ್ತೊಂದು ಮರ ಬಿದ್ದೀತು. ಟವಲು ಸುತ್ತಿದ ಕೆಲಸಗಾರನೂ ಬಂದಾನು. ಚೌಕಾಶಿಗೆ ಮೊದಲು ಯಜಮಾನರು, “ಏನಪ್ಪ, ನಿನ್ನ ಗರಗಸದ ಬ್ರೇಕ್ ಸರಿಯಾಗಿದೆಯೇ? ಒಮ್ಮೆ ತೋರಿಸು” ಎಂದು ಕೇಳಿದರೆ ಆತನಿಗೆ ಅಚ್ಚರಿಯಾಗಬಹುದು, ಅಂಥ ಪ್ರಶ್ನೆಯನ್ನು ಅವನಿಗೆ ಅದುವರೆಗೆ ಯಾರೂ ಕೇಳಿರಲಾರರು. “ಸರಿಯಾಗಿದೆ ಸ್ವಾಮಿ” ಎಂದು ಅವನು ಮಣಿಕಟ್ಟಿನಿಂದ ಒತ್ತಿ ತೋರಿಸಿದರೆ, ಮಹಡಿಯ ಮೇಲಿನ ಮಕ್ಕಳಿಗೂ ಆ ‘ಟಕ್’ ಎಂಬ ಸದ್ದು ಕೇಳಿಸೀತು. ಪಟ್ಟಿ ಸವೆದಿದೆಯೆಂದು ಅವನು ಒಪ್ಪಿಕೊಂಡರೆ, ಕೂಲಿಯಲ್ಲಿ ಉಳಿಸಬೇಕೆಂದಿದ್ದ ಹಣವನ್ನು ಮುಂಗಡವಾಗಿ ಕೊಟ್ಟು ಅದನ್ನು ಹಾಕಿಸಿಕೊಂಡು ಬರಲು ಹೇಳಬಹುದು. ಬಿದ್ದ ಮರವು ಇನ್ನೊಂದು ದಿನ ಅಲ್ಲಿಯೇ ಬಿದ್ದಿರಲಿ, ಅದಕ್ಕೆ ಅವಸರವಿಲ್ಲ.