ಶ್ವಾಸಕೋಶದ ಕ್ಯಾನ್ಸರಿಗೆ ವಂಶವಾಹಿ ಔಷಧಿ: ತೆರಿಗೆ ಇಳಿದರೆ ಸಾಕೆ?

ಶ್ವಾಸಕೋಶದ ಕ್ಯಾನ್ಸರ್ ಬೀಡಿ, ಸಿಗರೇಟು ಸೇದುವವರ ಕಾಯಿಲೆಯೆಂಬ ಭಾವನೆ ವರ್ತಕ ವಲಯದಲ್ಲಿ ಇನ್ನೂ ಬಲವಾಗಿದೆ. ಆದರೆ ಕನಕಪುರದಲ್ಲಿ ಗ್ರಾನೈಟ್ ಕೊರೆಯುವಾಗ ಏಳುವ ಸಿಲಿಕಾ ದೂಳೂ ಇದಕ್ಕೆ ಕಾರಣವಾಗಬಲ್ಲದು. ಧೂಮಪಾನದ ಸೋಂಕೇ ಇಲ್ಲದವರಲ್ಲಿಯೂ ಇಜಿಎಫ್‌ಆರ್ ಎಂಬ ವಂಶವಾಹಿಯ ವ್ಯತ್ಯಯದಿಂದ ರೋಗ ತಲೆದೋರುವುದುಂಟು. ಈ ವ್ಯತ್ಯಯವನ್ನೇ ಗುರಿಯಾಗಿಸುವ ಮಾತ್ರೆಗಳು ಯಾರಿಗೆ ಫಲಿಸುತ್ತವೆಂಬುದು 2004ರಲ್ಲಿ ಸ್ಪಷ್ಟವಾಯಿತು. ಅಂದಿನಿಂದ ವಂಶವಾಹಿ ಪರೀಕ್ಷೆಯೇ ಚಿಕಿತ್ಸೆಯ ಹೆಬ್ಬಾಗಿಲಾಗಿದೆ.

ಕೇಂದ್ರ ಸರ್ಕಾರ ಕೈಕಟ್ಟಿ ಕುಳಿತಿಲ್ಲವೆಂಬುದನ್ನು ಒಪ್ಪಬೇಕು. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ ಮೇಲಿನ ಸೀಮಾಸುಂಕ ರದ್ದಾಯಿತು. ಅದೇ ಅಕ್ಟೋಬರಿನಲ್ಲಿ ಅದರ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಅಲೆಕ್ಟಿನಿಬ್ ಮೇಲಿನ ಶೇ. 12 ತೆರಿಗೆ 22-9-2025ರಿಂದ ಶೂನ್ಯವಾಗಿದೆ. ಆದರೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನುಂಗಬೇಕಾದ ದುಬಾರಿ ಮಾತ್ರೆಗೆ ತೆರಿಗೆ ವಿನಾಯಿತಿಯೊಂದೇ ಊರುಗೋಲಾಗದು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಚಿಕಿತ್ಸಾ ವೆಚ್ಚದ 40,000 ರೂ. (ಹಿರಿಯ ನಾಗರಿಕರಿಗೆ 1 ಲಕ್ಷ ರೂ.) ಕಡಿತವೂ ದೊರೆಯುವುದಿಲ್ಲ.

ಉಳಿಯುವುದು ವಿಮೆ. ರಾಮನಗರದ ರೇಷ್ಮೆ ರೀಲಿಂಗ್ ಘಟಕ, ಚನ್ನಪಟ್ಟಣದ ಗೊಂಬೆ ತಯಾರಕ, ಮಾಗಡಿಯ ಅಂಗಡಿಕಾರ, ಇವರಲ್ಲಿ ಬಹುತೇಕರ ಬಳಿ 10 ಮಂದಿ ನೌಕರರಿಲ್ಲ. ಆದ್ದರಿಂದ ಇಎಸ್‌ಐ ಅನ್ವಯಿಸದು. ಆದಾಯ ತೆರಿಗೆ ಕಟ್ಟುವ ಮಾಲೀಕನಿಗೆ ಬಿಪಿಎಲ್ ಕಾರ್ಡೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ಬಾಯಿಯ ಮೂಲಕ ನೀಡುವ ಕೀಮೋಥೆರಪಿಯನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ. ಆದರೆ ಉಪಮಿತಿ ವಿಧಿಸಬಹುದು! 10 ಲಕ್ಷದ ಪಾಲಿಸಿಯಲ್ಲಿ ಮಾತ್ರೆಗೆ ಎಷ್ಟು ಲಕ್ಷವೆಂಬುದು ಸಣ್ಣ ಅಕ್ಷರಗಳಲ್ಲಿ ಅಡಗಿರುತ್ತದೆ. ಪ್ರಯೋಗಾವಸ್ಥೆಯಲ್ಲಿರುವ, ಇನ್ನೂ ರುಜುವಾತಾಗದ ಚಿಕಿತ್ಸೆಗಂತೂ ವಿಮೆ ಅನ್ವಯವಾಗದು. ಅಂತಹ ಔಷಧಿಯನ್ನು ನೋಂದಾಯಿತ ಪ್ರಯೋಗದಲ್ಲಿ ಸೇರಿ ಪಡೆಯುವುದೇ ಸರಿಯಾದ ದಾರಿ. ಅಲ್ಲಿ ಹಾನಿ ಸಂಭವಿಸಿದರೆ ಚಿಕಿತ್ಸೆ ಹಾಗೂ ಪರಿಹಾರದ ಹೊಣೆಯನ್ನು 2019ರ ನಿಯಮಗಳು ಪ್ರಾಯೋಜಕರ ಮೇಲೆ ಹೊರಿಸಿವೆ.

ಸಣ್ಣ ಉದ್ಯಮಿಗಳು ಒಗ್ಗೂಡಿ ಗುಂಪು ವಿಮೆ ಪಡೆದರೆ ಉಪಮಿತಿಯ ಬಗ್ಗೆ ಚೌಕಾಸಿ ಮಾಡುವ ಬಲ ಬರುತ್ತದೆ. ಇಲ್ಲೊಂದು ವಿಪರ್ಯಾಸವಿದೆ. ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಶೂನ್ಯವಾದರೂ ಗುಂಪು ವಿಮೆಗೆ ಶೇ. 18 ಹಾಗೆಯೇ ಉಳಿದಿದೆ. ಕಾನೂನಿನ ಕಡ್ಡಾಯವಿಲ್ಲದಿದ್ದರೆ ಅದರ ಹೂಡುವಳಿ ತೆರಿಗೆ ಜಮೆಯೂ ಸಿಗದು. ಬಲಿಷ್ಠ ಕಂಪನಿ ಇದನ್ನು ತಾಳಿಕೊಂಡೀತು. ಆರು ಜನರ ರೀಲಿಂಗ್ ಘಟಕವಲ್ಲ. ಇಎಸ್‌ಐ ವ್ಯಾಪ್ತಿಗೆ ಬಾರದ ಘಟಕಗಳ ಗುಂಪು ವಿಮೆಗೂ ವಿನಾಯಿತಿ ನೀಡಬೇಕೆಂದು ನಾಲ್ಕೂ ಊರುಗಳ ವರ್ತಕ ಸಂಘಗಳು ಬಜೆಟ್-ಪೂರ್ವ ಮನವಿಯಲ್ಲಿ ಒತ್ತಾಯಿಸಬೇಕು. ವಂಶವಾಹಿ ಪರೀಕ್ಷೆಯ ವೆಚ್ಚ ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನು ಈ ವರ್ಷದ ನವೀಕರಣಕ್ಕೆ ಮುನ್ನವೇ ಲಿಖಿತವಾಗಿ ಕೇಳಿ ಪಡೆಯಬಹುದು.