ಸ್ಪ್ರೇ ಗನ್ ಜೊತೆಗೆ ಮುಖಗವಸೂ ಬೇಕು

ಮಕ್ಕಳೇ, ಬೆಂಗಳೂರಿನ ಲಗ್ಗೆರೆ ಇರುವುದು ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ. ಈ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ಬೀರು, ಗೇಟು, ಯಂತ್ರದ ಬಿಡಿಭಾಗಗಳಿಗೆ ಬಣ್ಣ ಹಾಕುವವರ ಕೈಯಲ್ಲಿ ಪಿಸ್ತೂಲಿನಂತಹ ಸಾಧನ ಇರುತ್ತದೆ. ಅದೇ ಸ್ಪ್ರೇ ಗನ್.

ಕಂಪ್ರೆಸರ್ ಯಂತ್ರವು ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ತುಂಬುತ್ತದೆ. ಟ್ರಿಗರ್ ಒತ್ತಿದಾಗ ಆ ಗಾಳಿ ರಭಸದಿಂದ ಹೊರನುಗ್ಗಿ, ಬಣ್ಣವನ್ನು ಸಣ್ಣ ಹನಿಗಳಾಗಿ ಒಡೆದು ಮಂಜಿನಂತೆ ಹಾರಿಸುತ್ತದೆ. ಪುಡಿ ಬಣ್ಣದ ಗನ್ನೂ ಇದೆ. ಅದರಲ್ಲಿ ಗಾಳಿಯೊಡನೆ ಬರುವ ಪುಡಿಗೆ ವಿದ್ಯುದಾವೇಶ ಕೊಡುತ್ತಾರೆ. ಪುಡಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಕರಗಿ ಗಟ್ಟಿ ಪದರವಾಗುತ್ತದೆ.

ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಸಿಂಪಡಿಸಿದ್ದೆಲ್ಲ ವಸ್ತುವಿನ ಮೇಲೆ ಕೂರುವುದಿಲ್ಲ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳು ಉಸಿರಿನೊಡನೆ ಶ್ವಾಸಕೋಶ ಸೇರುತ್ತವೆ. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಥಿನ್ನರ್‌ನ ಆವಿ ಬಟ್ಟೆಯನ್ನು ದಾಟಿ ಬರುತ್ತದೆ. ಅದನ್ನು ತಡೆಯಲು ಸಕ್ರಿಯ ಇದ್ದಿಲಿನ ಸೋಸಕವಿರುವ ಮುಖಗವಸು ಬೇಕು. ಪುಡಿ ಬಣ್ಣದಲ್ಲಿ ಥಿನ್ನರ್ ಇಲ್ಲ. ಆದರೂ ದೂಳು ಸೋಸುವ ಮುಖಗವಸು ಬೇಕೇ ಬೇಕು.

1880ರ ದಶಕದಲ್ಲಿ ಅಮೆರಿಕದ ವೈದ್ಯ ಅಲೆನ್ ಡಿವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸುವ ಸಾಧನ ರೂಪಿಸಿದರು. ಮುಂದೆ ಅವರ ಮಗ ಥಾಮಸ್ ಬಣ್ಣ ಸಿಂಪಡಿಸುವ ಗನ್ ತಯಾರಿಸಿದರು. ಗಂಟಲಿನ ಕಾಯಿಲೆ ವಾಸಿಮಾಡಲು ಹುಟ್ಟಿದ ಉಪಾಯ ಇಂದು ದುಡಿಯುವವರ ಗಂಟಲಿಗೇ ಕೇಡು ಮಾಡಬಾರದು.

ಮುಖಗವಸನ್ನು ಹೆಚ್ಚಿನ ಖರ್ಚೆಂದು ಎಣಿಸಬಾರದು. ಅದು ಗನ್ನಿನದೇ ಒಂದು ಭಾಗ. ಗನ್ ಕೊಡುವ ಮಾಲೀಕರೇ ಅದನ್ನೂ ಕೊಡಬೇಕು. ನಿಮ್ಮ ಮನೆಯಲ್ಲಿ ಈ ಕೆಲಸ ಮಾಡುವವರಿದ್ದರೆ ಇಂದೇ ಅವರಿಗೆ ಈ ಮಾತು ತಿಳಿಸಿ.